ಮರಿ ಸಿಗಡಿಯ ಮೊದಲ ತುತ್ತು

ಮೊಟ್ಟೆಯೊಡೆದು ಬಂದ ಸಿಗಡಿ ಮರಿಗೆ ಮೊದಲೆರಡು ದಿನ ಊಟದ ಚಿಂತೆಯಿಲ್ಲ. ಮೊಟ್ಟೆಯಿಂದ ಕಟ್ಟಿಕೊಂಡು ಬಂದ ಬುತ್ತಿಯಲ್ಲೇ ಕಾಲ ಕಳೆಯುತ್ತದೆ. ಬುತ್ತಿ ಬರಿದಾದ ಮೇಲೆ ಬಾಯಿ ತೆರೆಯುತ್ತದೆ. ಆಗ ಅದಕ್ಕೆ ಬೇಕಾದದ್ದು ಕೂದಲಿನ ದಪ್ಪಕ್ಕಿಂತ ಬಹಳ ಸಣ್ಣದಾದ, ತಳಕ್ಕೆ ಕೂರದೆ ತೇಲುತ್ತಿರುವ ತುತ್ತು. ಜಪಾನಿನ ಮೊಟೊಸಾಕು ಫುಜಿನಾಗ 1930ರ ದಶಕದಲ್ಲಿ ಕುರುಮಾ ಸಿಗಡಿ ಸಾಕಲು ಹೊರಟಾಗ ಎಡವಿದ್ದು ಇಲ್ಲಿಯೇ. ಸ್ಕೆಲಿಟೋನೀಮಾ ಎಂಬ ಡಯಾಟಮ್ ಜಾತಿಯ ಸೂಕ್ಷ್ಮಪಾಚಿಯನ್ನು ಬೆಳೆಸಿ ಉಣ್ಣಿಸಿದ ಮೇಲೆ ಮರಿಗಳು ಈ ಹಂತ ದಾಟಿದವು. 1942ರಲ್ಲಿ ಅವರು ಬರೆದ ಪ್ರಬಂಧದಿಂದಲೇ ಇಂದಿನ ಹ್ಯಾಚರಿಗಳ ಕಥೆ ಶುರು.

ಈಗಿನ ಹ್ಯಾಚರಿಗಳಲ್ಲಿ ಹೆಚ್ಚಾಗಿ ಕಾಣುವುದು ಕೀಟೋಸೆರಾಸ್. ಇದೂ ಡಯಾಟಮ್ ಜಾತಿಯ ಸೂಕ್ಷ್ಮಪಾಚಿಯೇ. ಬೆಳೆಸುವ ಕ್ರಮ ಹಾಲಿಗೆ ಹೆಪ್ಪು ಹಾಕಿದ ಹಾಗೆ. ಒಂದು ಸಣ್ಣ ಫ್ಲಾಸ್ಕಿನ ಪಾಚಿ ದೊಡ್ಡ ಕ್ಯಾನಿಗೆ ಹೆಪ್ಪು, ಕ್ಯಾನು ತೊಟ್ಟಿಗೆ ಹೆಪ್ಪು. ಟ್ಯೂಬ್‌ಲೈಟಿನ ಕೆಳಗೆ ಗಾಳಿಗುಳ್ಳೆ ಏಳುತ್ತಿರುವ ನೀರು ಮೊದಲ ದಿನ ನೀರಾಗಿಯೇ ಕಾಣುತ್ತದೆ, ಆಮೇಲೆ ಒಣಹುಲ್ಲಿನ ಬಣ್ಣ, ಆಮೇಲೆ ಬೆಲ್ಲದ ಬಣ್ಣ. ಆ ಬಣ್ಣ ಬೇಗ ಬಂತೋ ತಡವಾಯಿತೋ ಎಂಬುದನ್ನು ಬೆಳಕು, ತಾಪಮಾನಗಳ ಜೊತೆಗೆ ಉಪ್ಪು ಮತ್ತು ಗೊಬ್ಬರ ತೀರ್ಮಾನಿಸುತ್ತವೆ. ಬಂದ ಬಣ್ಣದಲ್ಲಿ ಸತ್ವ ಇದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಬೇರೆ.

ಉಪ್ಪಿನ ಮಾತು ಮೊದಲು. ಮಾವಿನ ಮಿಡಿಗೆ ಉಪ್ಪು ಬೆರೆಸಿ ಭರಣಿಗೆ ತುಂಬಿದರೆ ಎರಡು ದಿನದಲ್ಲಿ ಮಿಡಿ ನೀರುಬಿಟ್ಟು ಸುಕ್ಕಾಗುತ್ತದೆಯಲ್ಲ, ಸುತ್ತಲ ಉಪ್ಪು ಹೆಚ್ಚಿದಾಗ ಪಾಚಿಯ ಕೋಶಕ್ಕೆ ಎದುರಾಗುವುದೂ ಅದೇ ಅಪಾಯ. ಮಿಡಿಗಾದರೋ ಬೇರೆ ದಾರಿಯಿಲ್ಲ. ಜೀವಂತ ಕೋಶ ಗ್ಲಿಸರಾಲ್, ಮ್ಯಾನಿಟಾಲ್, ಪ್ರೋಲೀನ್‌ನಂಥ ವಸ್ತುಗಳನ್ನು ಒಳಗೇ ತಯಾರಿಸಿ ಹೊರಗಿನ ಸೆಳೆತವನ್ನು ಸರಿದೂಗಿಸುತ್ತದೆ. ಅದಕ್ಕೆ ಖರ್ಚಾಗುವುದು ಹೊಸ ಕೋಶ ಕಟ್ಟಲು ಬೇಕಿದ್ದ ಇಂಗಾಲ ಮತ್ತು ಶಕ್ತಿ. ತೆರೆದ ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದ್ದರೆ, ಸಾಕಣೆಯ ಬಹುತೇಕ ಕಡಲಪಾಚಿಗಳು 12ರಿಂದ 40ರವರೆಗೂ ಬದುಕುತ್ತವೆ, ಆದರೆ ಚೆನ್ನಾಗಿ ಬೆಳೆಯುವುದು 20-24ರ ಆಸುಪಾಸಿನಲ್ಲಿ. ತವರಿನ ನೀರಿಗಿಂತ ಒಂದಿಷ್ಟು ಸಪ್ಪೆಯಾದದ್ದೇ ಅವಕ್ಕೆ ಹಿತ. ಸಿಗಡಿ ಮರಿಗೆ ಮಾತ್ರ ಬೇಕಾದದ್ದು 30ರ ಹತ್ತಿರದ ನೀರು. ಪಾಚಿಯನ್ನು 22ರಲ್ಲಿ ಬೆಳೆಸಿ ಒಮ್ಮೆಲೇ 32ರ ತೊಟ್ಟಿಗೆ ಸುರಿದರೆ ಕೋಶಗಳು ಸೊರಗಿ ತಳ ಸೇರುತ್ತವೆ. ಹಾಗಾಗಿ ಬೆಳವಣಿಗೆ ಕೊಂಚ ನಿಧಾನವಾದರೂ ಸರಿ, ಪಾಚಿಯನ್ನು ಮರಿಯ ನೀರಿಗೆ ಒಗ್ಗಿಸಿಯೇ ಬೆಳೆಸುವುದು ಜಾಣತನ.

ಉಪ್ಪಿನ ಏರಿಳಿತವನ್ನು ಅಳತೆಯಿಲ್ಲದೆ ನೋಡಬೇಕಾದರೆ ಕುಮಟಾ ಬಳಿಯ ಅಘನಾಶಿನಿ ಅಳಿವೆಗೆ ಹೋಗಬೇಕು. ಮಳೆಗಾಲದಲ್ಲಿ ಅಲ್ಲಿನ ಗಜನಿ ಗದ್ದೆಗಳು ಸಿಹಿನೀರಿನಲ್ಲಿ ಮುಳುಗಿ ಕಗ್ಗ ಭತ್ತ ಬೆಳೆಯುತ್ತವೆ. ಕೊಯ್ಲಾದ ಮೇಲೆ ಭರತದ ನೀರು ಒಳಗೆ ಬಂದು ಅದೇ ಗದ್ದೆ ಸಿಗಡಿಯ ಮನೆಯಾಗುತ್ತದೆ. ಉಳಿದ ಕೂಳೆ ಕೊಳೆತು, ಹಕ್ಕಿಗಳ ಹಿಕ್ಕೆ ಬಿದ್ದು ಪಾಚಿಗೆ ಗೊಬ್ಬರ ತಾನಾಗಿ ಸಿಗುತ್ತದೆ.

ಹ್ಯಾಚರಿಯಲ್ಲಿ ಆ ಗೊಬ್ಬರವನ್ನು ತೂಗಿ ಹಾಕಬೇಕು. ಅಮೆರಿಕದ ರಾಬರ್ಟ್ ಗಿಲಾರ್ಡ್ 1962ರಲ್ಲಿ ಜಾನ್ ರೈದರ್ ಜೊತೆ ಪ್ರಕಟಿಸಿದ ‘ಎಫ್’ ಎಂಬ ಪಾಕವನ್ನು ಅರ್ಧಕ್ಕಿಳಿಸಿದ್ದು ‘ಎಫ್ ಬೈ 2’. ಲೋಕದ ಪಾಚಿ ಕೋಣೆಗಳಿಗೆಲ್ಲ ಇಂದು ಅದೇ ಪಾಕ ಪರಿಚಿತ. ಲೀಟರಿಗೆ 75 ಮಿಲಿಗ್ರಾಂ ಸೋಡಿಯಂ ನೈಟ್ರೇಟ್, 5 ಮಿಲಿಗ್ರಾಂ ಫಾಸ್ಫೇಟ್ ಲವಣ, 30 ಮಿಲಿಗ್ರಾಂ ಸೋಡಿಯಂ ಸಿಲಿಕೇಟ್, ಚಿಟಿಕೆಗೂ ಕಡಿಮೆ ಲೋಹಗಳು, ಬಿ12 ಸೇರಿ ಮೂರು ವಿಟಮಿನ್. ಕಬ್ಬಿಣವನ್ನು ಬರಿದೇ ಹಾಕಿದರೆ ಸಮುದ್ರದ ನೀರಿನಲ್ಲಿ ತುಕ್ಕಾಗಿ ತಳ ಸೇರುತ್ತದೆ. ಅದಕ್ಕೇ ಇಡಿಟಿಎ ಎಂಬ ಜೊತೆಗಾರ ಅದನ್ನು ಹಿಡಿದುಕೊಂಡಿರಬೇಕು. ಡಯಾಟಮಿನ ಮೈಮೇಲಿರುವುದು ಮುಚ್ಚಳವುಳ್ಳ ಡಬ್ಬಿಯಂಥ ಗಾಜಿನ ಚಿಪ್ಪು. ಸಿಲಿಕೇಟ್ ಹಾಕಲು ಮರೆತರೆ ಹೊಸ ಚಿಪ್ಪಿಗೆ ಸಾಮಗ್ರಿಯಿಲ್ಲದೆ ಕೋಶ ಇಬ್ಭಾಗವಾಗುವುದನ್ನೇ ನಿಲ್ಲಿಸುತ್ತದೆ, ಉಳಿದ ಗೊಬ್ಬರ ಎಷ್ಟಿದ್ದರೂ ಅಷ್ಟೇ.

ದೊಡ್ಡ ತೊಟ್ಟಿಗೆ ನೈಟ್ರೇಟ್ ದುಬಾರಿ, ಆದ್ದರಿಂದ ಯೂರಿಯಾ, ಅಮೋನಿಯಂ ಸಲ್ಫೇಟ್ ಬಳಸುತ್ತಾರೆ. ಅಮೋನಿಯಂ ಪಾಚಿಗೂ ಸುಲಭದ ಊಟ, ನೈಟ್ರೇಟಿನಂತೆ ಒಳಗೆ ಮತ್ತೆ ಬೇಯಿಸಿಕೊಳ್ಳಬೇಕಿಲ್ಲ. ಕೈ ಜಾರಿದರೆ ಮಾತ್ರ ಕೆಟ್ಟಿತು. ಬಿಸಿಲೇರಿದಂತೆ ಪಾಚಿ ಇಂಗಾಲದ ಡೈಆಕ್ಸೈಡನ್ನು ಹೀರಿ ಹೀರಿ ನೀರಿನ ಪಿಎಚ್ 9 ದಾಟುತ್ತದೆ. ಆಗ ಅದೇ ಅಮೋನಿಯಂ ವಿಷದ ಅಮೋನಿಯಾ ಆಗುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ತೊಟ್ಟಿ ಸಂಜೆಯೊಳಗೆ ನೊರೆಗಟ್ಟಿ ಕುಸಿಯುವುದುಂಟು.

ಇನ್ನು ಸತ್ವದ ವಿಚಾರ. ನೈಟ್ರೋಜನ್ ತೀರಿದ ಪಾಚಿ ಪ್ರೋಟೀನ್ ಕಟ್ಟಲಾಗದೆ ಕೊಬ್ಬು ತುಂಬಿಕೊಳ್ಳುತ್ತದೆ. ನ್ಯಾನೋಕ್ಲೋರೋಪ್ಸಿಸ್ ಎಂಬ ಪಾಚಿ ಇದಕ್ಕೆ ಹೆಸರುವಾಸಿ. ಪಾಚಿಯಿಂದ ಡೀಸೆಲ್ ತೆಗೆಯ ಹೊರಟವರಿಗೆ ಇದು ಹಬ್ಬ, ಮರಿಗಲ್ಲ. ಕೂಡಿಟ್ಟ ಆ ಕೊಬ್ಬಿನಲ್ಲಿ ಮರಿಗೆ ಬೇಕಾದ ಇಪಿಎ ಎಂಬ ಒಮೆಗಾ-3 ಅಂಶದ ಪಾಲು ಕಡಿಮೆ. ಡ್ಯುನಾಲಿಯೆಲ್ಲಾದ್ದು ಇನ್ನೊಂದು ಬಗೆ. ಗಟ್ಟಿ ಕೋಶಭಿತ್ತಿಯೇ ಇಲ್ಲದ ಈ ಪಾಚಿ ಗ್ಲಿಸರಾಲಿನ ಬಲದಿಂದ ಉಪ್ಪಿನಾಗರದ ಗಾಢ ನೀರಿನಲ್ಲೂ ಬಾಳುತ್ತದೆ, ಆದರೆ ಇಪಿಎ, ಡಿಎಚ್‌ಎ ಎಂಬ ಎರಡೂ ಒಮೆಗಾ-3ಗಳಲ್ಲಿ ಬಡವ. ಅದನ್ನಷ್ಟೇ ತಿಂದ ಸಿಂಪಿ ಮರಿಗಳು ಚೆನ್ನಾಗಿ ಬೆಳೆಯುವುದಿಲ್ಲ. ಬೆಳೆಸಲು ಸುಲಭವಾದ ಪಾಚಿಯೇ ಉಣ್ಣಿಸಲು ಒಳ್ಳೆಯದು ಎಂಬ ನಂಬಿಕೆ ನನ್ನ ಮಟ್ಟಿಗೆ ಈ ಕಸುಬಿನ ದೊಡ್ಡ ಮೋಸ.

ಅನುಭವಿಗಳು ಬಣ್ಣ ಪೂರ್ತಿ ಗಾಢವಾಗಲು ಕಾಯದಿರುವುದಕ್ಕೂ ಗೊಬ್ಬರ ತೀರಿದ ಪಾಚಿಯ ಸತ್ವ ಕುಗ್ಗುವುದೇ ಕಾರಣ. ಕೋಶಗಳು ಇನ್ನೂ ಇಮ್ಮಡಿಸುತ್ತಿರುವಾಗಲೇ, ಗೊಬ್ಬರ ಬರಿದಾಗುವ ಮೊದಲೇ, ಪಾಚಿಯನ್ನು ಮರಿಗಳ ತೊಟ್ಟಿಗೆ ಬಿಡುತ್ತಾರೆ. ಆಮೇಲೆ ಒಂದು ಬೀಕರಿನಲ್ಲಿ ಮರಿಗಳನ್ನು ಮೊಗೆದು ದೀಪಕ್ಕೆ ಹಿಡಿಯುತ್ತಾರೆ. ಚೆನ್ನಾಗಿ ಉಂಡ ಮರಿಯ ಹಿಂದೆ ಅದರ ಮೈಗಿಂತ ಉದ್ದನೆಯ ಕಂದು ಎಳೆಯೊಂದು, ಹಿಕ್ಕೆಯ ದಾರ, ಬಾಲದಂತೆ ಹಿಂಬಾಲಿಸಿ ಬರುತ್ತಿರುತ್ತದೆ. ದಾರ ತುಂಡಾಗಿದ್ದರೆ, ಇಲ್ಲವೇ ಕಾಣದಿದ್ದರೆ, ಬೀಕರ್ ಹಿಡಿದ ಕೈ ಮತ್ತೆ ಪಾಚಿ ಕೋಣೆಯ ಬಾಗಿಲಿಗೆ ಹೋಗುತ್ತದೆ.