ಇಸ್ತಾಂಬುಲ್‌ನಲ್ಲಿ ನಮ್ಮ ಮನೆಮಾತು

ನಮ್ಮ ಮನೆಮಾತು ಉರ್ದು. ಹಾಗಾಗಿ ಟರ್ಕಿಯ ಇಸ್ತಾಂಬುಲ್ ಬಗ್ಗೆ ಓದುವಾಗ ಅಲ್ಲಿನ ಎಷ್ಟೋ ಪದಗಳು ನನಗೆ ಪರಿಚಿತವೆನಿಸುತ್ತವೆ. ಪುಸ್ತಕಕ್ಕೆ ಅಲ್ಲಿ ‘ಕಿತಾಪ್’, ಅಂಗಡಿಗೆ ‘ದುಕ್ಕಾನ್’. ಹೋಟೆಲಿನಲ್ಲಿ ‘ಹೆಸಾಪ್’ ಎಂದರೆ ಬಿಲ್ ತರುತ್ತಾರೆ. ಅದು ನಮ್ಮ ‘ಹಿಸಾಬ್’!

ಕೆಲವು ಪದಗಳ ಅರ್ಥ ಮಾತ್ರ ಬೇರೆ. ಉರ್ದುವಿನ ‘ಮುಸಾಫಿರ್’ ಪ್ರಯಾಣಿಕ. ಟರ್ಕಿಶ್ ಭಾಷೆಯ ‘ಮಿಸಾಫಿರ್’ ಅತಿಥಿ. ಪರದೇಶದಿಂದ ಹೋದವರಿಗೆ ಇದಕ್ಕಿಂತ ಒಳ್ಳೆಯ ಪದ ಬೇಕೇ?

ಬೋರ್ಡುಗಳನ್ನು ಓದುವಾಗ ಒಂದು ವಿಷಯ ನೆನಪಿರಲಿ: ಇಂಗ್ಲಿಷಿನ ‘ಸಿ’ ಅಕ್ಷರಕ್ಕೆ ಅಲ್ಲಿ ‘ಜ’ ಉಚ್ಚಾರ. ‘ಸಿ, ಎ, ಎಂ, ಐ’ ಎಂದಿದ್ದರೆ ‘ಜಾಮಿ’, ಅಂದರೆ ಮಸೀದಿ.

ತೊಪ್‌ಕಾಪಿ ಅರಮನೆಯ ಹೆಬ್ಬಾಗಿಲ ಮುಂದೆ ಸುಲ್ತಾನ್ ಮೂರನೆಯ ಅಹ್ಮದ್ 1728ರಲ್ಲಿ ಕಟ್ಟಿಸಿದ ನೀರಿನ ಕಾರಂಜಿಯಿದೆ. ಅದರ ಗೋಡೆಯ ಮೇಲೆ ಅರಬ್ಬಿ ಲಿಪಿಯಲ್ಲಿ ಟರ್ಕಿಶ್ ಕವಿತೆ ಕೆತ್ತಿದ್ದಾರೆ. ಸರಿಯಾಗಿ 200 ವರ್ಷಗಳ ನಂತರ, 1928ರಲ್ಲಿ, ಸರ್ಕಾರ ಲಿಪಿಯನ್ನೇ ಬದಲಾಯಿಸಿತು. ಈಗ ಅಲ್ಲಿನ ಹೆಚ್ಚಿನವರಿಗೆ ತಮ್ಮದೇ ಭಾಷೆಯ ಆ ಸಾಲುಗಳನ್ನು ಓದಲಾಗದು. ಉರ್ದು ಓದಬಲ್ಲ ಪ್ರವಾಸಿ ಕೆಲವು ಪದಗಳನ್ನಾದರೂ ಗುರುತಿಸಬಹುದು.

ನಮ್ಮಲ್ಲಿ ಯಾರೂ ಲಿಪಿ ಬದಲಾಯಿಸಿಲ್ಲ. ಆದರೂ ಉರ್ದು ಮಾತಾಡುವ ನಮ್ಮಲ್ಲಿ ಎಷ್ಟು ಜನ ಅದನ್ನು ಓದುತ್ತೇವೆ? ಕಲಿಸುವ ಹಿರಿಯರು ಮನೆಯಲ್ಲಿರುವಾಗಲೇ ಕಲಿಯೋಣ.