ಹಗೇವು ಇದ್ದ ಹಿತ್ತಲಲ್ಲಿ ರಸಮೇವು

ಮಾರ್ಚ್ ತಿಂಗಳು. ಹೊಳಲ್ಕೆರೆಯಿಂದ ಹೊಸದುರ್ಗದ ಕಡೆ ಹೋಗುವಾಗ ಅಡಿಕೆ ತೋಟದ ನೆರಳು ಮುಗಿಯಿತೋ ಇಲ್ಲವೋ, ಮೆಕ್ಕೆಜೋಳದ ಕೂಳೆ ಹೊಲಗಳು ಶುರು. ಗೋಮಾಳದ ಹುಲ್ಲು ಒಣಗಿ ಕಡ್ಡಿಯಾಗಿದೆ. ಬೆಳಗಿನಿಂದ ಅಲ್ಲೇ ಮೇದ ನಾಲ್ಕು ಹಸುಗಳ ಹೊಟ್ಟೆ ಇನ್ನೂ ಒಳಕ್ಕೇ ಇತ್ತು. ಅವುಗಳ ಹಿಂದೆಯೇ ನಡೆದು ಒಂದು ಮನೆಯ ಹಿತ್ತಲು ಸೇರಿದೆ.

ಅಲ್ಲಿ ಮೂವತ್ತು ಅಡಿ ಉದ್ದ, ನಾಲ್ಕಡಿ ಅಗಲ, ಮೂರಡಿ ಆಳದ ಗುಂಡಿ. ಮನೆಯಾಕೆ ಟಾರ್ಪಾಲಿನ ಅಂಚು ಎತ್ತಿ ಒಂದು ಹಿಡಿ ಮೇವು ಕೊಟ್ಟರು. ‘ಮೂಸಿ ನೋಡ್ರಣ್ಣ.’ ದೋಸೆ ಹಿಟ್ಟು ಹುಳಿ ಬಂದಂಥ ವಾಸನೆ, ಹಿಂದೆಯೇ ತುಸು ಸಿಹಿ. ಬಣ್ಣ ಹಳದಿ ಬೆರೆತ ಹಸಿರು. ಬೂಷ್ಟಿನ ಸುಳಿವಿಲ್ಲ.

‘ನಮ್ಮತ್ತೆ ಕಾಲದಾಗೆ ಇಲ್ಲೇ ರಾಗಿ ಹಗೇವು ಇತ್ತು,’ ಎಂದರು. ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಗಾಳಿ ಆಡದಂತೆ ಮುಚ್ಚಿ ಬರಗಾಲಕ್ಕೆ ಕಾಳು ಉಳಿಸಿದ ಸೀಮೆಗೆ ಸೈಲೇಜ್, ಅಂದರೆ ರಸಮೇವು, ತೀರಾ ಹೊಸ ವಿದ್ಯೆಯೇನಲ್ಲ. ಹಗೇವಿನಲ್ಲಿ ಕಾಳು ಒಣಗಿರಬೇಕು, ಇಲ್ಲಿ ಮೇವಿನಲ್ಲಿ ರಸ ಇರಬೇಕು, ಅಷ್ಟೇ. ಗಾಳಿ ಸಿಗದಿದ್ದಾಗ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ ದಂಟಿನ ಸಕ್ಕರೆಯನ್ನು ಹುಳಿಯಾಗಿಸುತ್ತವೆ. ಆ ಹುಳಿಯೇ ಮೇವನ್ನು ಕಾಯುತ್ತದೆ.

ಕಷ್ಟವಿರುವುದು ಕಟಾವಿನ ದಿನ. ಮೆಕ್ಕೆಜೋಳದ ಕಾಳು ಹಾಲು ದಾಟಿ ಹಿಟ್ಟುಗಟ್ಟುವಾಗ ತೆನೆ ಸಮೇತ ಕೊಯ್ಯಬೇಕು. ಆಗ ಗಿಡದಲ್ಲಿ ಶೇ. 65–70 ನೀರಿರುತ್ತದೆ. ತೆನೆ ಮುರಿದುಕೊಂಡು ಒಣ ಸಪ್ಪೆಯನ್ನು ದನಕ್ಕೆ ಹಾಕಿ ರೂಢಿಯಾದವರಿಗೆ ಇದು ಸುಲಭವಲ್ಲ. ‘ಮೊದಲ ವರ್ಷ ತೆನೆಗೆ ಕುಡುಗೋಲು ಹಾಕುವಾಗ ಕೈ ನಡುಗಿತ್ತು. ಆದ್ರೆ ಕಸುವೆಲ್ಲ ಅದರಾಗೇ ಐತಲ್ಲ.’ ಒಂದೊಂದು ಇಂಚಿನ ಚೂರು ಮಾಡಿ, ಪದರ ಪದರವಾಗಿ ತುಳಿದು, ಮುಚ್ಚಿ, 45 ದಿನ ಬಿಟ್ಟಿದ್ದರು. ತುಳಿತ ಸಡಿಲವಾದ ಕಡೆ ಬೂಷ್ಟು ಖಂಡಿತ. ಆ ಭಾಗವನ್ನು ತೆಗೆದು ಎಸೆಯಲೇಬೇಕು. ಬೂಷ್ಟಿನ ವಿಷ ಹಾಲಿಗೂ ಇಳಿಯುತ್ತದೆ.

ಗುಂಡಿ ಇಷ್ಟು ಕಿರಿದೇಕೆ ಎಂದು ಕೇಳಿದೆ. ಘನ ಅಡಿಗೆ ಸುಮಾರು 15 ಕೆ.ಜಿ. ಹಿಡಿಯುತ್ತದೆ, ಹಸುವಿಗೆ ದಿನಕ್ಕೆ 15 ಕೆ.ಜಿ. ಬೇಕು. ನಾಲ್ಕು ಹಸುಗಳಿಗೆ ದಿನವೂ ಗುಂಡಿಯ ಉದ್ದದಲ್ಲಿ ನಾಲ್ಕು ಇಂಚು ಮೇವು ಕರಗುತ್ತದೆ. ಬಾಯಿ ಅಗಲವಾದರೆ ತೆಗೆದು ಮುಗಿಸುವಷ್ಟರಲ್ಲಿ ಗಾಳಿ ತಗುಲಿ ಕೆಡುತ್ತದೆ. ಹೀಗೆ ತೊಂಬತ್ತು ದಿನ, ಬೇಸಿಗೆ ದಾಟುವಷ್ಟು. ಮೇವು ಕತ್ತರಿಸುವ ಯಂತ್ರ ಕೊಳ್ಳುವ ಮುಂಚೆ ಎಲ್ಲರೂ ಹಾಕಬೇಕಾದ ಲೆಕ್ಕ ಇದೇ ಎಂದು ನನಗನಿಸಿತು.

ಹಿರಿಯೂರಿನ ವಾಣಿವಿಲಾಸ ಸಾಗರದ ನಾಲೆ ನೀರು ಸಿಗುವವರ ಮಾತು ಬೇರೆ, ಅವರು ಬೇಸಿಗೆಯಲ್ಲೂ ಹಸಿ ಮೇವು ಬೆಳೆದಾರು. ಈ ಮಳೆಯಾಶ್ರಿತ ಎರೆ, ಕೆಂಪು ಹೊಲಗಳವರು ಮುಂಗಾರನ್ನೇ ಗುಂಡಿಯಲ್ಲಿ ಹೂಳಿಡಬೇಕು. ಆದರೂ ಮೆಕ್ಕೆಜೋಳದ ರಸಮೇವಿನಲ್ಲಿ ಪ್ರೋಟೀನು ಕಮ್ಮಿ. ಅದಕ್ಕೇ ಬಾನಿಯಲ್ಲಿ ಶೇಂಗಾ ಹಿಂಡಿ ನೆನೆಯುತ್ತಿತ್ತು.

ಹಾಲಿಗೆ ವಾಸನೆ ಹಿಡಿಯಬಾರದೆಂದು ಕರೆಯುವವರೆಗೂ ರಸಮೇವು ಹಾಕಲಿಲ್ಲ. ಡೈರಿಗೆ ಕ್ಯಾನು ಹೊರಟ ಮೇಲೆ ಮಂಕರಿ ತುಂಬಿತು. ಹಸುಗಳು ತಲೆ ಎತ್ತಲೇ ಇಲ್ಲ. ಆಕೆ ಟಾರ್ಪಾಲು ಎಳೆದು, ಅಂಚಿಗೆ ಕಲ್ಲು ಹೇರಿ, ಇನ್ನೊಮ್ಮೆ ಅಂಗೈಯಿಂದ ಒತ್ತಿ ನೋಡಿದರು.