ಅಂಗಳದ ಕಣಗಿಲೆ, ಹೃದಯದ ಮಾತ್ರೆ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಮನೆಯಂಗಳದ ಕಣಗಿಲೆ ಗಿಡ ನಿಮಗೆ ಪರಿಚಿತ. ಹೂವು ಪೂಜೆಗೆ ಬರುತ್ತದೆ. ಆದರೆ ಇಡೀ ಗಿಡ ವಿಷ. ಈ ವಿಷಕ್ಕೂ ಕೆಲವು ಹೃದ್ರೋಗಿಗಳಿಗೆ ಇಂದಿಗೂ ಕೊಡುವ ಡಿಜಾಕ್ಸಿನ್ ಮಾತ್ರೆಗೂ ನಂಟಿದೆ ಎಂದರೆ ನಂಬುವಿರಾ?

ಡಿಜಾಕ್ಸಿನ್‌ನ ಮೂಲ ಯೂರೋಪಿನ ಡಿಜಿಟಾಲಿಸ್ ಕುಲದ ಗಿಡಗಳು. ಗಂಟೆಯಾಕಾರದ ಹೂ ಬಿಡುವ ಇವಕ್ಕೆ ಅಲ್ಲಿ ಫಾಕ್ಸ್‌ಗ್ಲೋವ್ ಎಂಬ ಹೆಸರಿದೆ. ಮೈಯಲ್ಲಿ ನೀರು ತುಂಬಿ ಊದಿಕೊಂಡ ರೋಗಿಗಳಿಗೆ ಇದರ ಎಲೆ ಕೊಟ್ಟು ಪಡೆದ ಅನುಭವವನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲಿ ಪ್ರಕಟಿಸಿದರು. 1930ರಲ್ಲಿ ಸಿಡ್ನಿ ಸ್ಮಿತ್ ಅದೇ ಕುಲದ ಇನ್ನೊಂದು ಪ್ರಭೇದದಿಂದ ಡಿಜಾಕ್ಸಿನ್ ಅನ್ನು ಬೇರ್ಪಡಿಸಿದರು. ಕಣಗಿಲೆಯ ಓಲಿಯಾಂಡ್ರಿನ್, ಹಳದಿ ಕಣಗಿಲೆಯ ಥೆವೆಟಿನ್ ಕೂಡ ಇದೇ ವರ್ಗದ ಗ್ಲೈಕೊಸೈಡುಗಳು.

ಇವು ಕೆಲಸ ಮಾಡುವುದು ಹೇಗೆ? ಹೃದಯದ ಜೀವಕೋಶಗಳ ಪೊರೆಯಲ್ಲಿ ಪಂಪಿನಂತೆ ದುಡಿಯುವ ಒಂದು ಪ್ರೋಟೀನ್ ಇದೆ. ಅದು ಪ್ರತಿ ಸುತ್ತಿಗೆ 3 ಸೋಡಿಯಮ್ ಅಯಾನುಗಳನ್ನು ಹೊರದೂಡಿ 2 ಪೊಟ್ಯಾಸಿಯಮ್ ಅಯಾನುಗಳನ್ನು ಒಳತರುತ್ತದೆ. ಇದನ್ನು 1957ರಲ್ಲಿ ಗುರುತಿಸಿದ ಡೆನ್ಮಾರ್ಕಿನ ಯೆನ್ಸ್ ಸ್ಕೌ 1997ರ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಡಿಜಾಕ್ಸಿನ್ ಕೆಲವು ಪಂಪುಗಳನ್ನು ತಡೆಯುತ್ತದೆ. ಕೋಶದೊಳಗೆ ಸೋಡಿಯಮ್ ಹೆಚ್ಚುತ್ತದೆ. ಕಿಂಡಿ ಅಣೆಕಟ್ಟಿನ ಎರಡೂ ಬದಿಯ ನೀರಿನ ಮಟ್ಟದ ಅಂತರ ಕಡಿಮೆಯಾದರೆ ಹರಿವಿನ ರಭಸ ತಗ್ಗುವುದಲ್ಲವೇ? ಹಾಗೆಯೇ ಹೊರಗಿನ ಸೋಡಿಯಮ್ ಒಳನುಗ್ಗುವ ರಭಸ ತಗ್ಗುತ್ತದೆ. ಆ ರಭಸದಿಂದಲೇ ಹೊರಹೋಗಬೇಕಿದ್ದ ಕ್ಯಾಲ್ಸಿಯಮ್ ಒಳಗೇ ಉಳಿಯುತ್ತದೆ. ಸ್ನಾಯು ಬಲವಾಗಿ ಸಂಕುಚಿಸುತ್ತದೆ. ಜೊತೆಗೆ ವೇಗಸ್ ನರದ ಪ್ರಭಾವ ಹೆಚ್ಚಿ ಮಿಡಿತ ನಿಧಾನವಾಗುತ್ತದೆ.

ಆದರೆ ಬಹಳ ಪಂಪುಗಳು ನಿಂತರೆ ಲಯ ತಪ್ಪುತ್ತದೆ, ರಕ್ತದಲ್ಲಿ ಪೊಟ್ಯಾಸಿಯಮ್ ಏರುತ್ತದೆ, ಹೃದಯವೇ ನಿಲ್ಲಬಹುದು. ಹೃದಯ ವೈಫಲ್ಯದ ರೋಗಿಗಳಲ್ಲಿ ಪ್ರತಿ ಮಿಲಿಲೀಟರ್ ರಕ್ತರಸಕ್ಕೆ 0.5ರಿಂದ 0.9 ನ್ಯಾನೊಗ್ರಾಮ್ ಡಿಜಾಕ್ಸಿನ್ ಸಾಕು. 2 ದಾಟಿದರೆ ಅಪಾಯ. ಮದ್ದಿಗೂ ವಿಷಕ್ಕೂ ನಡುವಿನ ಅಂತರ ಇಷ್ಟೇ! ಆದ್ದರಿಂದಲೇ ಮಾತ್ರೆಯಲ್ಲಿ 0.25 ಮಿಲಿಗ್ರಾಮ್‌ನಂತೆ ಅಳೆದಿಟ್ಟ ಪ್ರಮಾಣವಿರುತ್ತದೆ. ಕಣಗಿಲೆಯ ಎಲೆಯಲ್ಲಿ ಅಂಥ ಅಳತೆಯಿಲ್ಲ. ವಿಷದ ಪ್ರಮಾಣ ಗಿಡದಿಂದ ಗಿಡಕ್ಕೆ ಬದಲಾಗುತ್ತದೆ. ಒಣಗಿಸಿದರೂ ಕುದಿಸಿದರೂ ಅದು ಹೋಗದು.

2024ರ ಮೇ ತಿಂಗಳಲ್ಲಿ ಕೇರಳದ ತಿರುವಾಂಕೂರು ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು ನೈವೇದ್ಯ, ಪ್ರಸಾದಗಳಲ್ಲಿ ಈ ಹೂವಿನ ಬಳಕೆಯನ್ನು ಕೈಬಿಟ್ಟವು. ಶಿಕ್ಷಕರೇ, ಗಿಡವನ್ನು ಕಡಿಯಬೇಕಿಲ್ಲ. ಮಕ್ಕಳಿಗೆ ಅದರ ಗುರುತು ಹೇಳಿಕೊಡಿ. ಯಾರಾದರೂ ಎಲೆ, ಕಾಯಿ ಅಗಿದರೆ ಮನೆಮದ್ದಿಗೆ ಕಾಯದೆ, ಗಿಡದ ಒಂದು ತುಂಡಿನೊಡನೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.